ಗೆದ್ದ ದಿನದ ಹಾಡು

ಅಮೆರಿಕದ ಸಮಾಮಿಶ್‌ನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದಾಗ ಹಿಂದಿನಿಂದ ಯಾರೋ ನನ್ನ ಸ್ಕಾರ್ಫ್ ಹಿಡಿದೆಳೆದರು. ತಿರುಗಿದರೆ ಅಪರಿಚಿತ ಹಿರಿಯ ಹೆಂಗಸು.

"ಇದು ಮೆಲ್ಬರ್ನ್‌ನ ನಮ್ಮ ಟೀಮ್‌ದಲ್ವಾ? ನಾನೂ ಅಲ್ಲೇ ಇದ್ದೆ. ಈ ವಾರ ಏನಾಯ್ತು?"

"ಮತ್ತೆ ಸೋತ್ವಿ ಆಂಟಿ."

ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ಗೆದ್ದ ದಿನ ಮಾತ್ರ ಅಭಿಮಾನಿಗಳು ಎದ್ದು ನಿಂತು ಕ್ಲಬ್ಬಿನ ಹಾಡು ಹಾಡುತ್ತಾರೆ. ಒಂದು ಕಾಲಕ್ಕೆ ಕಪ್ ಎತ್ತಿದ್ದ ನಮ್ಮ ತಂಡ ಈಗ ತಳ ಸೇರಿದೆ.

ಅವರು ಸ್ಕಾರ್ಫಿನ ಅಂಚು ಸವರುತ್ತಾ, "ಹಾಡು ಮರೆತೇ ಹೋಗ್ತಿದೆ ಕಣಮ್ಮ" ಎಂದರು. ನನಗೆ ಪೂರ್ತಿ ನೆನಪಿತ್ತು. ಬಾಯಿ ತೆರೆದೆ. ಅವರೇ ತಡೆದು ತಮ್ಮ ನಂಬರ್ ಕೊಟ್ಟರು: "ಈಗ ಬೇಡ. ಗೆದ್ದ ದಿನ ಕಾಲ್ ಮಾಡು, ಇಬ್ಬರೂ ಹಾಡೋಣ."

ಈಗ ಪ್ರತಿ ಮ್ಯಾಚ್ ನೋಡುವಾಗಲೂ ಅವರ ನಂಬರ್ ತೆರೆದಿಟ್ಟುಕೊಂಡೇ ಕೂರುತ್ತೇನೆ. ಇನ್ನೂ ಒಮ್ಮೆಯೂ ಕರೆ ಮಾಡಲಾಗಿಲ್ಲ.