ಅಂಬರೀನಳ ಡಬ್ಬಿ

ಬೀದರಿನ ಚಿದ್ರಿಯಿಂದ ಭಾಲ್ಕಿಗೆ ದಿನಾ ಬೆಳಿಗ್ಗೆ ಬಸ್ಸು ಹಿಡಿಯುವ ಅಂಬರೀನ ಆರು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಮದುವೆಗಳ ವಿಡಿಯೊ ತೆಗೆದಿದ್ದಾಳೆ. ಒಂದರ ಮೇಲೂ ಅವಳ ಹೆಸರಿಲ್ಲ. ಭಾಲ್ಕಿಯಲ್ಲಿ ಶಿವಕಾಂತನ ಸ್ಟುಡಿಯೊ ಇದೆ; ಅವಳು ಅಲ್ಲಿ ನೌಕರಿಗಿದ್ದಾಳೆ. ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಪರದೆಯ ಆಚೆ ಕ್ಯಾಮೆರಾ ಹೋಗಬೇಕಾದಾಗ ಅವಳೇ ಬೇಕು.

ಈ ಏಪ್ರಿಲ್‌ನಲ್ಲಿ ಔರಾದದ ಖತೀಜಾ ಬೇಗಂ ನೇರವಾಗಿ ಅವಳಿಗೇ ಫೋನ್ ಮಾಡಿದರು. ಮೊಮ್ಮಗಳು ಅತಿಯಾಳ ಮದುವೆ. ಹೆಂಗಸರ ಕಡೆಯ ವಿಡಿಯೊ ಅಂಬರೀನಳದೇ, ಸ್ಟುಡಿಯೊದ್ದಲ್ಲ. ಷರತ್ತು ಒಂದೇ.

“ನಮ್ಮ ಹೆಣ್ಣುಮಕ್ಕಳ ಮಾರಿ ಹೊರಗಿನ ಯಾವ ಮಷೀನಿನ್ಯಾಗೂ ಉಳೀಬಾರದು ಬೇಟಿ. ತೆಗೆದದ್ದು ನಮ್ಮ ಮನ್ಯಾಗೇ ಇರಬೇಕು. ಕತ್ತರಿಸೋದು ಜೋಡಿಸೋದು ಇಲ್ಲೇ ಕುಂತು ಮಾಡು. ಹ್ಯಾಂಗ ಮಾಡ್ತಿ ಅಂತ ಐತವಾರ ಬಂದು ತೋರಿಸು. ಮನಸಿಗೆ ಬಂದ್ರ ನೀ. ಇಲ್ಲಾಂದ್ರ ವಿಡಿಯೊನೇ ಬ್ಯಾಡ.”

ಫೋನ್ ಇಟ್ಟವಳೇ ಕಪಾಟು ತೆಗೆದಳು. ಕೆಟ್ಟುಹೋದ ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿಟ್ಟ ಎಸ್‌ಎಸ್‌ಡಿ ಅಲ್ಲಿತ್ತು. ಫೈಲು ತುಂಬಿಡುವ ಬೆರಳುದ್ದದ ಪಟ್ಟಿ, ಒಂದು ಟೆರಾಬೈಟ್ ಜಾಗ. ಲ್ಯಾಪ್‌ಟಾಪಿಗೆ ವೈರಿನಿಂದ ಜೋಡಿಸುವಂಥ ಡಬ್ಬಿಯೊಂದು ಅದಕ್ಕೆ ಸಿಕ್ಕರೆ ಸಾಕು: ವಿಡಿಯೊ ಅದರೊಳಗೇ, ಎಡಿಟಿಂಗೂ ಅದರೊಳಗೇ. ವೈರು ಕಿತ್ತರೆ ಲ್ಯಾಪ್‌ಟಾಪಿನಲ್ಲಿ ಏನೂ ಉಳಿಯುವುದಿಲ್ಲ.

ಬೀದರಿನ ಗೌಸೋದ್ದೀನ ಚಾಚಾ ಕಂಪ್ಯೂಟರ್ ರಿಪೇರಿಯಲ್ಲಿ ಕೂದಲು ಹಣ್ಣಾಗಿಸಿಕೊಂಡವರು. ಕೌಂಟರಿನ ಮೇಲೆ ಮೂರು ಡಬ್ಬಿ ಇಟ್ಟರು. ಅಂಬರೀನಳ ಕೈ ಮೊದಲು ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನದಕ್ಕೆ ಹೋಯಿತು.

“ಬಣ್ಣ ನೋಡಿ ವರ ಆರಿಸ್ತೀಯೇನು? ಮೊದಲು ಆ ಪಟ್ಟಿ ತೋರಿಸು,” ಎಂದರು ಚಾಚಾ. ಪಟ್ಟಿಯ ತುದಿಯ ಕಚ್ಚನ್ನು ಉಗುರಿನಿಂದ ಮುಟ್ಟಿದರು. “ಇಲ್ಲಿ ಕಚ್ಚು ಒಂದೇ ಅದ. ಎನ್‌ವಿಎಂಇ ಅಂತಾರ ಇದಕ್ಕ. ಗುಲಾಬಿಯದು ಹಳೇ ಸಾಟಾ ಜಾತಿದು, ನಿಂದನ್ನ ಗುರುತೇ ಹಿಡಿಯೋದಿಲ್ಲ.”

“ಹಂಗಾರ ಆ ನಲವತ್ತು ಜಿಬಿ ಸ್ಪೀಡ್ ಅಂತ ಬರೆದದ್ದು ಕೊಡ್ರಿ ಚಾಚಾ!”

“ನಿನ್ನ ಲ್ಯಾಪ್‌ಟಾಪಿನ ಬಾಯಿ ಹತ್ತರದ್ದು. ಹತ್ತು ಕುಡಿಯೋ ಬಾಯಿಗೆ ನಲವತ್ತರ ಕೊಳವಿ ಹಚ್ಚಿ ಏನ್ ಮಾಡ್ತಿ? ಇದು ತಗೋ, ಅಲ್ಯೂಮಿನಿಯಂ. ಹತ್ತರದ್ದೇ.”

ಚಾಚಾ ಪಟ್ಟಿಯ ಮೇಲೆ ನೀಲಿ ರಬ್ಬರಿನಂಥ ಮೆತ್ತೆಯೊಂದನ್ನು ಅಂಟಿಸಿ, ಡಬ್ಬಿಯೊಳಗೆ ಕೂರಿಸಿ, ಸ್ಕ್ರೂ ಬಿಗಿದರು. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕೂಡಲೇ ಸ್ಕ್ರೀನಿನ ಮೇಲೆ ಹೊಸ ಡ್ರೈವ್ ಮೂಡಿತು. ಅಂಬರೀನ ಅಂಗಡಿಯಲ್ಲೇ ಚಪ್ಪಾಳೆ ತಟ್ಟಿದಳು.

ಮನೆಯಲ್ಲಿ ತಾಯಿ ನಾಹೀದ ಡಬ್ಬಿಯನ್ನು ತಿರುಗಿಸಿ ನೋಡಿದರು. ಪರದೆಯ ಹೆಂಗಸರು ಇರುವ ವಸ್ತು ಹೀಗೆ ಬರಿಮೈಯಲ್ಲಿ ಇರಬಾರದು ಎಂದು ಅವರಿಗೆ ಅನಿಸಿತು. ಹಸಿರು ಮಖಮಲ್ಲು ತೆಗೆದು, ಒಳಗೆ ಹತ್ತಿ ತುಂಬಿ, ವೈರಿಗಷ್ಟೇ ತೂತು ಬಿಟ್ಟು ಚೀಲ ಹೊಲಿದರು. ಜರಿಯ ಅಂಚೂ ಬಂತು.

ಗುರುವಾರ ಭಾಲ್ಕಿಯಲ್ಲಿ ಪರೀಕ್ಷೆ. ಹಳೆಯ ಮದುವೆಯೊಂದರ ಇನ್ನೂರು ಜಿಬಿಯನ್ನು ಡಬ್ಬಿಗೆ ಹರಿಯಬಿಟ್ಟಳು. ಶುರುವಿನಲ್ಲಿ ಅಂಕಿಗಳು ಓಡಿದ ಪರಿಗೆ ಶಿವಕಾಂತನೂ ಕುರ್ಚಿ ಎಳೆದುಕೊಂಡು ಬಂದ. ಹದಿನೈದು ನಿಮಿಷಕ್ಕೆ ಓಟ ತೆವಳಿತು. ಇಪ್ಪತ್ತಕ್ಕೆ ಡ್ರೈವೇ ಮಾಯ.

ಅವಳ ಮುಖ ಸಪ್ಪಗಾಯಿತು. ಐತವಾರಕ್ಕೆ ಮೂರೇ ದಿನ. “ಚಾಚಾ ಎಂಥಾದು ಕೊಟ್ರು ನೋಡ್ರಿ!”

ಶಿವಕಾಂತ ಚೀಲದೊಳಗೆ ಕೈ ಹಾಕಿದವನು ಹಾರಿಬಿದ್ದ. “ಯವ್ವಾ! ಏಪ್ರಿಲ್ ತಿಂಗಳಾಗ ಸ್ವೆಟರ್ ಹಾಕೀರಲ್ಲವಾ, ಪಾಪ! ಒಳಗಿನ ಬಿಸಿ ಆ ಮೆತ್ತಿ ಎಳಕೊಂಡು ಮೇಲಿನ ಲೋಹಕ್ಕ ಕೊಡ್ತದ. ಲೋಹಕ್ಕ ನೀವು ರಜಾಯಿ ಹೊದಿಸೀರಿ.”

ಚೀಲ ಕಳಚಿ, ಆರಲು ಬಿಟ್ಟು, ಫ್ಯಾನಿನ ಕೆಳಗೆ ಸ್ಟೀಲ್ ತಟ್ಟೆಯ ಮೇಲಿಟ್ಟು ಮೊದಲಿನಿಂದ ಹಚ್ಚಿದರು. ಇನ್ನೂರೂ ಜಿಬಿ ತಡವರಿಸದೆ ಇಳಿದವು.

“ನೀವು ಹಿಂಗ ಕಲಿತುಬಿಟ್ರ ನನ್ನ ಸ್ಟುಡಿಯೊಕ್ಕ ಬೀಗಾನೇ,” ಎಂದ ಶಿವಕಾಂತ. ತಟ್ಟೆಯನ್ನು ಅವಳ ಬ್ಯಾಗಿಗೆ ತುರುಕಿದವನೂ ಅವನೇ.

ಐತವಾರ ಔರಾದದ ಮನೆಯ ಒಳಕೋಣೆಯಲ್ಲಿ ಖತೀಜಾ ಬೇಗಂ ವೀಳ್ಯದ ಪೆಟ್ಟಿಗೆ, ಪಾನದಾನ, ಮುಂದಿಟ್ಟುಕೊಂಡು ಕೂತಿದ್ದರು. ಅವರು ಎಲೆ ಮಡಿಸುವುದನ್ನೇ ಅಂಬರೀನ ನಾಲ್ಕು ನಿಮಿಷ ಚಿತ್ರಿಸಿದಳು. ಕ್ಯಾಮೆರಾದಿಂದ ಡಬ್ಬಿಗೆ ಇಳಿಸಿ ಕಾರ್ಡು ಅಳಿಸಿದಳು. ತಟ್ಟೆಯ ಮೇಲಿಟ್ಟ ಡಬ್ಬಿಯಿಂದಲೇ ಕತ್ತರಿಸಿ ಜೋಡಿಸಿ ತೋರಿಸಿದಳು. ಆಮೇಲೆ ವೈರು ಕಿತ್ತು ಲ್ಯಾಪ್‌ಟಾಪನ್ನು ಅತಿಯಾಳ ಕಡೆ ತಳ್ಳಿದಳು. “ಈಗ ಹುಡುಕ್ರಿ.”

ಮದುಮಗಳು ಹತ್ತು ನಿಮಿಷ ಜಾಲಾಡಿ ಅಜ್ಜಿಯ ಕಡೆ ತಿರುಗಿದಳು. “ದಾದಿ, ನೀವು ಎಲ್ಲೂ ಇಲ್ಲ!”

ಅಜ್ಜಿ ಡಬ್ಬಿ ಮುಟ್ಟಿ ಹುಬ್ಬೇರಿಸಿದರು. “ಬಿಸಿ ಯಾಕ?”

“ಕೆಲಸ ಮಾಡ್ಯದರಿ. ಮುಚ್ಚಿಟ್ರ ನಿಂತೇ ಬಿಡ್ತದ. ಆರಿದ ಮ್ಯಾಲೆ ಈ ಚೀಲ.”

ಅವರು ಡಬ್ಬಿ ಆರುವ ತನಕ ಕಾದರು. ಹಸಿರು ಚೀಲದೊಳಗೆ ತಾವೇ ಇಳಿಸಿ, ಪಾನದಾನದ ತಳದಲ್ಲಿಟ್ಟು, ಮುಚ್ಚಳ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಮದುವಿ ದಿನ ಬಾ, ಕೊಡ್ತೇನಿ. ಕೊನಿಗೆ ಹೆಸರು ಬರೀತಾರಲ್ಲ, ಅಲ್ಲಿ ಯಾರದು ಬರ್ತದ?”

“ನಂದೇರಿ,” ಎಂದಳು ಅಂಬರೀನ.

ಬೀದರಿನ ಬಸ್ಸು ಹತ್ತಿದವಳು ಕೂರುವ ಮೊದಲೇ ಮನೆಗೆ ಫೋನ್ ಹಚ್ಚಿದಳು. “ಅಮ್ಮಿ, ಡಬ್ಬಿ ಅವರೇ ಇಟ್ಕೊಂಡ್ರು!”

“ಹಾಯ್ ಅಲ್ಲಾ, ಕಸಗೊಂಡ್ರಾ?”

“ಕೀಲಿ ಹಾಕಿ ಇಟ್ಕೊಂಡ್ರು ಅಮ್ಮಿ! ನಿನ್ನ ಚೀಲದ ಸಮೇತ!” ಎಂದು ಅವಳು ಕೂಗಿದ ರಭಸಕ್ಕೆ ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು.