ಎದೆಯ ಸದ್ದಿಗೆ ಹೆದರಿದ ಮಬ್ರೂಕಾ

ಕಡಲ ದಂಡೆಯ ಮಹ್ದಿಯಾ ಊರಿನ ಹಳೇಪೇಟೆಯಲ್ಲಿ ಹೆಂಗಸರು ಯಾರೇ ತೀರಿಕೊಂಡರೂ ಮೊದಲು ಕರೆ ಬರುತ್ತಿದ್ದುದು ಮಬ್ರೂಕಾಳಿಗೆ. ಹೆಣಕ್ಕೆ ಸ್ನಾನ ಮಾಡಿಸಿ, ಕರ್ಪೂರದ ನೀರು ಹುಯ್ದು, ಬಿಳಿಬಟ್ಟೆ ಸುತ್ತಿ ಕೊಡುವುದು ಅವಳ ಕೆಲಸ. ಕಡಲಲ್ಲಿ ಮುಳುಗಿದವರನ್ನೂ ಕೈ ನಡುಗದೆ ತೊಳೆದವಳು. "ಸತ್ತೋರು ನಂಗೆ ಯಾವತ್ತೂ ಎದುರುತ್ತರ ಕೊಟ್ಟಿಲ್ಲ, ನನ್ನ ಗಂಡನ ಥರ ಅಲ್ಲ" ಎಂದು ನಗುತ್ತಿದ್ದಳು. ಗಂಡ ತಿಜಾನಿ ಮೀನುಬಲೆ ಹೆಣೆಯುವವನು.

ಒಂದು ಬೇಸಿಗೆ, ಒಲೆಯ ಮುಂದೆ ನಿಂತಲ್ಲೇ ಎದೆ ಹಿಡಿದುಕೊಂಡು ಕುಸಿದು ಸತ್ತ ಹೆಂಗಸೊಬ್ಬಳನ್ನು ತೊಳೆಯುತ್ತಿದ್ದಳು. ಅವಳದೂ ಮಬ್ರೂಕಾಳದೂ ಒಂದೇ ವಯಸ್ಸು. ಎಡಭುಜಕ್ಕೆ ನೀರು ಹುಯ್ಯುವಾಗ ಮಬ್ರೂಕಾಳಿಗೆ ತನ್ನ ಎದೆಯ ಬಡಿತ ಕೇಳಿಸಿತು. ಧಡ್, ಧಡ್. ನಡುವೆ ಒಂದು ತಪ್ಪಿತು. ಬೆರಳು ಜೋಮು ಹಿಡಿಯಿತು, ಗೋಡೆಗಳು ಹತ್ತಿರಕ್ಕೆ ಬಂದ ಹಾಗಾಯಿತು. ಈಗ ನನ್ನ ಸರದಿ ಎಂದುಕೊಂಡಳು. ತಂಬಿಗೆ ಬಿಸುಟು ಅಂಗಳಕ್ಕೆ ಓಡಿದಳು.

ಹೃದಯದ ಡಾಕ್ಟರು ಪರೀಕ್ಷೆ ಮಾಡಿ, ಏನೂ ತೊಂದರೆಯಿಲ್ಲ ಎಂದರು. ಆದರೂ ಅದು ಮತ್ತೆ ಬಂತು. ಮೀನು ಮಾರುಕಟ್ಟೆಯಲ್ಲಿ ಬಂತು, ಮಹಡಿ ಮೆಟ್ಟಿಲಲ್ಲಿ ಬಂತು. ಎಲ್ಲೆಲ್ಲಿ ಬಂತೋ ಅಲ್ಲೆಲ್ಲ ಹೋಗುವುದನ್ನು ಬಿಟ್ಟಳು. ಹೆಣ ತೊಳೆಯುವುದನ್ನೂ ಬಿಟ್ಟಳು. ಕೊನೆಗೆ ಮಂಚದ ಮೇಲೆ ಕೂತು ನಾಡಿ ಹಿಡಿದುಕೊಂಡಿರುವುದೇ ಅವಳ ದಿನವಾಯಿತು.

"ಏನೇ, ಗಡಿಯಾರ ರಿಪೇರಿ ಮಾಡ್ತಿದೀಯಾ?" ಎಂದ ತಿಜಾನಿ.

ಅವಳು ಅತ್ತುಬಿಟ್ಟಳು. ಅವನು ಮತ್ತೆ ತಮಾಷೆ ಮಾಡಲಿಲ್ಲ.

ಮೊನಸ್ತೀರ್ ಪಟ್ಟಣದಲ್ಲಿ ಇಂಥ ಭಯದ ಬಗ್ಗೆ ಸಂಶೋಧನೆ ನಡೆಯುತ್ತಿದೆ ಎಂದು ಆ ಡಾಕ್ಟರೇ ಕಳಿಸಿಕೊಟ್ಟರು. ಸಂಶೋಧಕಿ ಎಮ್ನಾ ಅವಳ ಬೆರಳಿಗೆ ಯಂತ್ರದ ತಂತಿ ಸಿಕ್ಕಿಸಿದಳು. "ಖಾಲಾ," ಎಂದಳು, ಚಿಕ್ಕಮ್ಮನನ್ನು ಕರೆಯುವ ಹಾಗೆ. "ನಾಡಿ ಮುಟ್ಟಬೇಡಿ. ಸುಮ್ನೆ ಕೂತು ನಿಮ್ಮ ಎದೆಬಡಿತ ಎಣಿಸಿ."

ಮಬ್ರೂಕಾ ಎಣಿಸಿದ್ದಕ್ಕೂ ಯಂತ್ರ ತೋರಿಸಿದ್ದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಬಹಳ ಜನಕ್ಕೆ ಇದು ಗೊತ್ತೇ ಆಗಲ್ಲ. ನಿಮಗೆ ಗೊತ್ತಾಗುತ್ತೆ. ಆದ್ರೆ ನಿಮ್ಮ ಮೆದುಳು ಅದನ್ನ ಸಾವಿನ ಸುದ್ದಿ ಅಂತ ತಿಳ್ಕೊಳ್ತಿದೆ. ಹೆದರಿಕೆಗೆ ಎದೆ ಜೋರಾಗುತ್ತೆ, ಎದೆ ಜೋರಾಯ್ತು ಅಂತ ಇನ್ನಷ್ಟು ಹೆದರ್ತೀರಿ."

"ಹಾಗಾದ್ರೆ ಆ ಸದ್ದು ನಿಲ್ಲಿಸಮ್ಮಾ."

"ಅದು ನಿಲ್ಲಬಾರದಲ್ಲಾ ಖಾಲಾ!" ಎಮ್ನಾ ಅವಳ ಕೈಗೆ ಸಣ್ಣದೊಂದು ಕೊಳವೆ ಕೊಟ್ಟಳು. "ಮೂಗು ಮುಚ್ಚಿ, ಇದರಲ್ಲೇ ಉಸಿರಾಡಿ. ಅದೇ ಭಯ ಬರುತ್ತೆ. ಬರಲಿ. ಓಡದೆ ಕೂತು ನೋಡೋಣ."

ಉಸಿರು ಬಿಗಿಯುತ್ತಲೇ ಮಬ್ರೂಕಾ ಕೊಳವೆ ಎಸೆದು ಎದ್ದಳು. "ನನ್ನ ಕೊಲ್ಲೋಕೆ ಕರೆಸಿದ್ಯಾ?" ಮನೆಗೆ ಮರಳುವ ರೈಲಿನಲ್ಲಿ ಉದ್ದಕ್ಕೂ ನಾಡಿ ಹಿಡಿದುಕೊಂಡೇ ಕೂತಿದ್ದಳು.

ಮುಂದಿನ ವಾರ ತಿಜಾನಿಯೇ ಜೊತೆಗೆ ಬಂದ. "ಏನ್ ಮಹಾ ಇದು, ನಾನ್ ತೋರಿಸ್ತೀನಿ" ಎಂದು ಕೊಳವೆ ಕಚ್ಚಿದ. ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ಕಣ್ಣು ಕತ್ತಲೆ ಬಂದು ಕುರ್ಚಿ ತಬ್ಬಿಕೊಂಡ. ಎಷ್ಟೋ ತಿಂಗಳ ಮೇಲೆ ಮಬ್ರೂಕಾ ನಕ್ಕಳು. ಕೊಳವೆ ಈಸಿಕೊಂಡಳು. ಭಯ ಬಂತು, ಏರಿತು. ಈಗ ಸತ್ತೆ ಅನ್ನುವಷ್ಟು ಏರಿ, ಅವಳು ಏನೂ ಮಾಡದಿದ್ದರೂ ತಾನೇ ಇಳಿಯಿತು. ಆಮೇಲೆ ವಾರವಾರವೂ ಹೋದಳು. ಪ್ರತಿಸಲವೂ ಹೆದರಿದಳು.

ಚಳಿಗಾಲದಲ್ಲಿ ಪಕ್ಕದ ಮನೆಯ ದೂಜಾಳ ತಾಯಿ ತೀರಿಕೊಂಡಳು. ದೂಜಾ ಬಾಗಿಲಲ್ಲಿ ಬಂದು ನಿಂತಳು. "ನಿನ್ನ ಕೈಯೇ ಆಗ್ಬೇಕು ಅಂದಿದ್ಲು ಅಮ್ಮ."

ಮಬ್ರೂಕಾ ಹೋದಳು. ಮುದುಕಿಯ ಕೂದಲು ತೊಳೆಯುವಾಗ ಅದು ಬಂತು. ಬಾಯಿ ಒಣಗಿತು, ಕಾಲು ಬಾಗಿಲ ಕಡೆ ಎಳೆಯಿತು.

"ದೂಜಾ, ನಂಗೀಗ ವಿಪರೀತ ಹೆದರಿಕೆ ಆಗ್ತಿದೆ. ಓಡಲ್ಲ. ನೀನು ನೀರು ಹುಯ್ತಾ ಇರು."

ದೂಜಾ ಬೆರಗಾಗಿ ನೋಡಿದಳು, ಆದರೂ ನೀರು ಹುಯ್ದಳು. ಮಬ್ರೂಕಾ ಜೋಮು ಹಿಡಿದ ಬೆರಳಲ್ಲೇ ಹೆಣದ ಕೂದಲನ್ನು ವಾಡಿಕೆಯಂತೆ ಮೂರು ಜಡೆಯಾಗಿ ಹೆಣೆಯತೊಡಗಿದಳು. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಯ ಜಡೆ ಹೆಣೆಯುವಾಗ ಬೆರಳುಗಳಿಗೆ ಬಿಸಿ ಮರಳಿತು. ಬಟ್ಟೆ ಸುತ್ತಿ, ಗಂಟು ಕಟ್ಟಿ, ಹೊರಗೆ ಬಂದು ನೆಲದ ಮೇಲೆ ಕೂತುಬಿಟ್ಟಳು.

ಕೊನೆಯ ಭೇಟಿಯಲ್ಲಿ ಎಮ್ನಾ, ಭಯ ಹೋಯಿತೇ ಎಂದು ಕೇಳಿದಳು.

"ಎಲ್ಲಿ ಹೋಗುತ್ತೆ? ನಿನ್ನೆನೂ ಬಂದಿತ್ತು" ಎಂದಳು ಮಬ್ರೂಕಾ. "ನಾನು ಕೆಲಸದಲ್ಲಿದ್ದೆ."