ಡೌಟಣ್ಣ ನಂಬಿದ ಗಾಡಿ

ನನ್ನ ಮೈದುನನಿಗೆ ಬೀದಿಯವರು ಇಟ್ಟ ಹೆಸರು ಡೌಟಣ್ಣ. ಗ್ಯಾರೇಜಿನ ಬೋರ್ಡಿನಲ್ಲಿ ಬೇರೆ ಹೆಸರಿದೆ, ಆ ಹೆಸರಿನಿಂದ ಕರೆಯುವವರು ಯಾರೂ ಇಲ್ಲ. ನಾನು ಮಾತ್ರ ಅವನನ್ನು ಮರಿ ಎನ್ನುತ್ತೇನೆ, ಏಕೆಂದರೆ ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಹೊಸ ಅತ್ತಿಗೆ ಬಡಿಸಿದ ಊಟವನ್ನು ಬೆರಳಲ್ಲಿ ಕೆದಕಿ ನೋಡಿದ. ಅಣ್ಣ ನಾಲ್ಕು ತುತ್ತು ನುಂಗಿ ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ಬಾಯಿಗಿಟ್ಟ. ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ಗುಣ ಹಾಗೇ ಇದೆ.

ಹಾಲಿನವನು ಅಳೆದು ಹಾಕಿದ ಹಾಲನ್ನು ನಮ್ಮ ಲೋಟದಲ್ಲಿ ಮತ್ತೆ ಅಳೆಯುತ್ತಾನೆ. ಅಲ್ಲಾಡಿಸಿ ನೋಡದೆ ಯಾವ ಕುರ್ಚಿಯ ಮೇಲೂ ಕೂರುವುದಿಲ್ಲ. ಒಮ್ಮೆ ಮದುವೆಯ ಮಾತು ನಡೆದಿತ್ತು. ಹುಡುಗಿಯ ಅಪ್ಪನನ್ನು ಇವನು ಪ್ರಶ್ನೆ ಕೇಳಿದ ವೈಖರಿ ನೋಡಿ ಅವರು, "ನೀವು ಸಂಬಂಧಕ್ಕೆ ಬಂದಿದೀರೋ ತನಿಖೆಗೆ ಬಂದಿದೀರೋ?" ಎಂದು ಎದ್ದೇ ಬಿಟ್ಟರು. ಮತ್ತೆ ಯಾವ ಮಾತೂ ಕೂಡಿ ಬರಲಿಲ್ಲ.

ಗ್ಯಾರೇಜಿಗೆ ಮಾತ್ರ ಈ ಗುಣವೇ ಬಂಡವಾಳವಾಯಿತು. ನನ್ನ ಯಜಮಾನರು ಇದ್ದಾಗ ಅಣ್ಣ ತಮ್ಮ ಸೇರಿ ಮನೆಯ ಕೆಳಗಿನ ಶೆಡ್ಡಿನಲ್ಲಿ ಬೈಕು ರಿಪೇರಿ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಇವನೊಬ್ಬನೇ. ಬಿದ್ದು ಪೆಟ್ಟಾದ ಗಾಡಿ ಬಂದರೆ ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂರುತ್ತಾನೆ. "ಎಲ್ಲಿ ಬಿತ್ತು? ಯಾವ ಕಡೆಗೆ ಬಿತ್ತು? ನನಗಿಂತ ಮುಂಚೆ ಯಾರು ಕೈ ಹಾಕಿದ್ರು?" ಎಂದು ಗಿರಾಕಿಯನ್ನು ವಿಚಾರಿಸುತ್ತಾನೆ. ಅವರು ಏನೇ ಹೇಳಲಿ, ನಂಬುವುದಿಲ್ಲ. ಹಿಂದಿನ ಚಕ್ರದ ಎರಡೂ ಬದಿಗೆ ದಾರ ಕಟ್ಟಿ ಮುಂದಿನ ಚಕ್ರದ ತನಕ ಬಿಗಿಯಾಗಿ ಎಳೆಯುತ್ತಾನೆ. ಮುಂದಿನ ಚಕ್ರ ಎರಡು ದಾರಗಳ ನಡುಮಧ್ಯೆ ನಿಂತರೆ ಗಾಡಿ ನೆಟ್ಟಗಿದೆ ಎಂದು ಲೆಕ್ಕ. ಒಂದು ಕಡೆಗೆ ಸರಿದು ನಿಂತರೆ ಗಾಡಿಯ ಎಲುಬಿನಂಥ ಚಾಸಿ ಸೊಟ್ಟ. ಹಾಗಾದರೆ ಗಾಡಿಯನ್ನು ಹೊರಗೇ ಬಿಡುವುದಿಲ್ಲ. ಎಷ್ಟೋ ಗಿರಾಕಿಗಳು ಬೈದುಕೊಂಡು ಹೋಗಿದ್ದಾರೆ, ಅವರೇ ಮತ್ತೆ ತಮ್ಮ ಮಕ್ಕಳ ಗಾಡಿ ತಂದು ನಿಲ್ಲಿಸಿದ್ದಾರೆ.

ಇಂಥವನು ಒಂದು ಗಾಡಿಯನ್ನು ಕಣ್ಣು ಮುಚ್ಚಿ ನಂಬಿದ.

ವಿಮಾ ಕಂಪನಿಯವರು ಅಪಘಾತದ ಗಾಡಿಗಳನ್ನು ಹರಾಜು ಹಾಕುವ ಒಂದು ಬಯಲಿದೆ. ಬಿಡಿಭಾಗಗಳಿಗಾಗಿ ಅವನು ಅಲ್ಲಿಗೆ ಹೋಗುವುದುಂಟು. ಒಬ್ಬನೇ ಹೋದರೆ ಟೋಪಿ ಹಾಕುತ್ತಾರೆ ಎಂದು ನನ್ನನ್ನೂ ಜೊತೆಗೆ ಕರೆದೊಯ್ಯುತ್ತಾನೆ. ಅಲ್ಲಿ ಗಾಡಿ ಸ್ಟಾರ್ಟ್ ಮಾಡುವಂತಿಲ್ಲ, ಬಿಚ್ಚುವಂತಿಲ್ಲ. ಕಣ್ಣಿಂದ ನೋಡಿ ಕೈ ಎತ್ತುವುದಷ್ಟೆ. ಆವತ್ತು ಒಂದು ಮೂಲೆಯಲ್ಲಿ ರೇಸಿನವರು ಬಗ್ಗಿ ಕೂತು ಓಡಿಸುತ್ತಾರಲ್ಲ, ಅಂಥದೊಂದು ದೊಡ್ಡ ಬೈಕು ಬಿದ್ದಿತ್ತು. ಕೆಂಪು ಬಣ್ಣ. ಮುಂದಿನ ಮುಖವಾಡ ಚೂರು ಚೂರು, ಹ್ಯಾಂಡಲ್ಲಿನ ಒಂದು ಕೋಲು ಮುರಿದು ಒಳಗೆ ಮಡಚಿತ್ತು, ಮುಂಚಕ್ರ ಎಂಜಿನ್ನಿಗೆ ಅಂಟಿಕೊಂಡಿತ್ತು. ನನ್ನ ಮೈದುನ ಅದರ ಸುತ್ತ ಒಂದು ಸುತ್ತು ಬಂದ. ಟ್ಯಾಂಕಿನ ಮೇಲೆ ಅಂಗೈ ಇಟ್ಟ. ಹರಾಜಿನ ಕೂಗು ಶುರುವಾದಾಗ ಅವನು ಎತ್ತಿದ ಕೈ ಇಳಿಯಲೇ ಇಲ್ಲ.

"ಮರೀ, ಸರಿಯಾಗಿ ನೋಡ್ದೇನೋ?" ಎಂದೆ.

"ನೋಡಿದೆ ಅತ್ತಿಗೆ. ಜೀವ ಇದೆ ಇದ್ರಲ್ಲಿ."

ಹಾಲನ್ನು ಎರಡು ಸಲ ಅಳೆಯುವವನು! ನನ್ನ ಅನುಮಾನ ಅಲ್ಲೇ ಶುರುವಾಯಿತು.

ಅವನು ಅದನ್ನು ಮಾರಲು ಕೊಂಡದ್ದಲ್ಲ. ಜೀವಮಾನವಿಡೀ ಬೇರೆಯವರ ಗಾಡಿ ಓಡಿಸಿದವನು ಅವನು, ಅದೂ ರಿಪೇರಿಯಾದ ಮೇಲೆ ಬೀದಿಯ ತುದಿ ಮುಟ್ಟಿ ವಾಪಸು ಬರುವಷ್ಟೆ. ಇಂಥ ಬೈಕಿನ ಮೇಲೆ ಬಗ್ಗಿ ಕೂರಲು ಅವನ ಎಡಮೊಣಕಾಲು ಈಗ ಮಡಚುವುದೂ ಇಲ್ಲ. ಆ ಆಸೆಯನ್ನೆಲ್ಲ ನನ್ನ ಮಗಳ ಮೇಲೆ ಹಾಕಿದ. ನನಗಿರುವುದು ಒಬ್ಬಳೇ ಮಗಳು. ಹೆಂಗಸರಿಗೆ ಸ್ಕೂಟರು, ಬೈಕು ಕಲಿಸುವ ಶಾಲೆಯಲ್ಲಿ ಕಲಿಸುತ್ತಾಳೆ. ಚಿಕ್ಕಂದಿನಿಂದ ಚಿಕ್ಕಪ್ಪನ ಶೆಡ್ಡಿನಲ್ಲೇ ಬೆಳೆದವಳು.

"ಪುಟ್ಟೀ, ಇದು ನಿಂದು. ಹೊಸಾದು ಮಾಡಿ ಕೊಡ್ತೀನಿ, ನೋಡ್ತಿರು," ಎಂದ.

"ನಿಜವಾಗ್ಲೂ? ಆಮೇಲೆ ನನ್ನ ಲೈಸೆನ್ಸು ಅಸಲೋ ನಕಲಿಯೋ ಅಂತ ಕೇಳಲ್ಲ ತಾನೆ?"

"ಅದನ್ನ ಆಗಲೇ ನೋಡಿ ಇಟ್ಟಿದೀನಿ," ಎಂದ ಅವನು, ನಗದೆ.

ಕೆಲಸ ಶುರುವಾಯಿತು. ಗಾಡಿಯನ್ನು ಮೂಳೆ ಚಕ್ಕಳ ಬೇರೆ ಮಾಡಿದಂತೆ ಬಿಚ್ಚಿ ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಹರಡಿದ. ಮುಂಚಕ್ರ ಹಿಡಿಯುವ ಫೋರ್ಕಿನ ಜೋಡಿ ಬೇರೊಂದು ಮುರಿದ ಗಾಡಿಯಿಂದ ಬಂತು. ಒಡೆದ ಪ್ಲಾಸ್ಟಿಕ್ಕನ್ನು ಕಾದ ತಂತಿಯಿಂದ ಹೊಲಿದ, ಒಳಗಡೆಯಿಂದ ಜಾಲರಿ ಇಟ್ಟು ಅಂಟಿಸಿದ, ಮೇಲೆ ತಗ್ಗು ತುಂಬುವ ಪುಟ್ಟಿ ಬಳಿದು ಉಜ್ಜಿದ. ಕೆಂಪು ಪುಡಿ ಮೆಟ್ಟಿಲು ಹತ್ತಿ ಅಡಿಗೆಮನೆಗೂ ಬಂತು. ಆ ದಿನಗಳಲ್ಲಿ ಅವನು ಶಿಳ್ಳೆ ಹಾಕುತ್ತಿದ್ದ. ಅವನ ಬಾಯಲ್ಲಿ ಶಿಳ್ಳೆಯನ್ನು ನಾನು ಕೇಳಿದ್ದೇ ಇಲ್ಲ. ಈ ವಯಸ್ಸಿನಲ್ಲಿ ಯಾವಳೋ ಗಂಟುಬಿದ್ದಿದ್ದಾಳೆ ಎಂದುಕೊಂಡೆ. ಕಿಟಕಿಯಿಂದ ಬಗ್ಗಿ ನೋಡಿದರೆ ಬೈಕಿನ ಟ್ಯಾಂಕನ್ನು ನನ್ನ ಹಳೇ ಸೀರೆಯ ತುಂಡಿನಲ್ಲಿ ಒರೆಸುತ್ತಿದ್ದ. ಹೆಂಗಸಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಬೀದಿಯ ವೆಲ್ಡಿಂಗಿನವನು ಬಂದ. ಇಬ್ಬರೂ ಹಳೆಯ ಸ್ನೇಹಿತರು. ನಾನು ಮೇಲೆ ಬಟ್ಟೆ ಒಣಹಾಕುತ್ತಿದ್ದೆ, ಮಾತು ಕಿವಿಗೆ ಬಿತ್ತು.

"ಕತ್ತು ನೋಡಿದ್ಯೇನೋ ಡೌಟಣ್ಣ? ಇಷ್ಟು ಜೋರಾಗಿ ಹೊಡೆದಿದೆ ಅಂದ್ರೆ ಕತ್ತು ಹೋಗಿರ್ಬೇಕು."

"ಕತ್ತಿಗೇನೂ ಆಗಿಲ್ಲ."

"ದಾರ ಎಳೆದ್ಯಾ?"

"ನಿನ್ನ ವೆಲ್ಡಿಂಗ್ ನೀನು ನೋಡ್ಕೋ ಹೋಗೋ. ಇಲ್ಲಿ ಯಾರೂ ನಿನ್ನ ಕರೀಲಿಲ್ಲ."

ವೆಲ್ಡಿಂಗಿನವನು ತನಗೆ ಕೊಟ್ಟಿದ್ದ ಟೀ ಕೂಡ ಕುಡಿಯದೆ ಹೋದ. ಸಂಜೆ ಮಗಳು ಬಂದ ಕೂಡಲೇ, "ಆ ಗಾಡಿ ಬೇಡ ಕಣೇ. ಅದರ ಮೇಲೆ ಯಾರೋ ಕತ್ತು ಮುರ್ಕೊಂಡಿದಾರೆ," ಎಂದೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಕತ್ತು ಅಂದ್ರೆ ಗಾಡಿ ಕತ್ತು! ಹ್ಯಾಂಡಲ್ಲು ಚಾಸಿಗೆ ಕೂರೋ ಜಾಗ. ಓಡಿಸ್ತಿದ್ದೋರಿಗೆ ಕಾಲು ಮುರೀತಷ್ಟೆ, ಆರಾಮಾಗಿದಾರೆ ಅಂತ ಹರಾಜಿನವರು ಚಿಕ್ಕಪ್ಪನಿಗೆ ಹೇಳಿದ್ರಂತೆ."

ಅಬ್ಬ ಎನಿಸಿತು. ಸಮಾಧಾನವಾಗಿ ಪಾತ್ರೆ ತೊಳೆಯಲು ಕೂತೆ. ಅರ್ಧ ಪಾತ್ರೆ ತೊಳೆದಿರಲಿಲ್ಲ, ಕೈ ನಿಂತಿತು. ಗಾಡಿಯ ಕತ್ತು ಸೊಟ್ಟಗಿದ್ದರೆ ನಾಳೆ ಅದರ ಮೇಲೆ ಬಗ್ಗಿ ಕೂತು ಹೋಗುವವಳ ಕತ್ತು ಏನಾಗಬೇಕು? ಅದಕ್ಕಿಂತ ಹೆಚ್ಚಾಗಿ, ದಾರ ಎಳೆದೆಯಾ ಎಂದಿದ್ದಕ್ಕೆ ಅವನು ಹೌದು ಎನ್ನಲಿಲ್ಲವಲ್ಲ.

ಆಮೇಲೆ ನನ್ನ ಕಣ್ಣು ಅವನ ಮೇಲಿಂದ ಕದಲಲಿಲ್ಲ. ಗಾಡಿ ಜೋಡಿಸಿ ಆಯಿತು. ಗೂಟಕ್ಕೆ ನೇತುಹಾಕಿದ ದಾರದ ಉಂಡೆ ಧೂಳು ಹಿಡಿದು ಅಲ್ಲೇ ಇತ್ತು. ಅದೇ ವಾರ ನನ್ನ ಬಚ್ಚಲಿನ ಚಪ್ಪಲಿಯಲ್ಲಿ ಒಂದು ಕಾಣೆಯಾಯಿತು. ನಾಯಿ ಕಚ್ಚಿಕೊಂಡು ಹೋಗಿರಬೇಕು ಎಂದು ಬೀದಿಯೆಲ್ಲ ಹುಡುಕಿದೆ. ಅವನು ಬಲ್ಬು ತರಲು ಅಂಗಡಿಗೆ ಹೋದಾಗ ಶೆಡ್ಡಿಗಿಳಿದೆ. ಗಾಡಿಯ ಹೊದಿಕೆ ಎತ್ತಿ, ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿದೆ. ಟಕ್ಕೆಂದು ನಿಂತಿತು. ಎಡಕ್ಕೆ ತಿರುಗಿಸಿದೆ. ಇನ್ನೂ ಹೋಯಿತು, ಇನ್ನೂ ಹೋಯಿತು, ಟ್ಯಾಂಕಿಗೆ ಬಡಿಯಬೇಕು ಎನ್ನುವಾಗ ಮೆತ್ತಗೆ ಏನಕ್ಕೋ ತಾಗಿತು. ಬಗ್ಗಿ ನೋಡಿದೆ. ನೀಲಿ ರಬ್ಬರು. ನನ್ನ ಚಪ್ಪಲಿಯ ಹಿಮ್ಮಡಿ!

ಅವನು ಬಂದಾಗ ನಾನು ಅಲ್ಲೇ ಇದ್ದೆ.

"ಇದೇನೋ ಮರಿ, ನನ್ನ ಚಪ್ಪಲಿ ಇಲ್ಲಿ?"

"ಅದಾ... ಹ್ಯಾಂಡಲ್ಲು ಟ್ಯಾಂಕಿಗೆ ತಾಗಿ ಪೇಂಟ್ ಹೋಗ್ಬಾರ್ದು ಅಂತ. ಹೊಸ ಜೊತೆ ತಂದುಕೊಡ್ತೀನಿ ಬಿಡಿ ಅತ್ತಿಗೆ."

"ಬಲಗಡೆ ಯಾಕೆ ಇಟ್ಟಿಲ್ಲ?"

"ಬಲಗಡೆ ತಾಗಲ್ಲ."

"ಎಡಗಡೆ ಮಾತ್ರ ಯಾಕೆ ತಾಗುತ್ತೆ?"

ಬಲ್ಬಿನ ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. "ನಿಮಗೆ ಇದೆಲ್ಲ ಗೊತ್ತಾಗಲ್ಲ ಅತ್ತಿಗೆ," ಎಂದ. ಇಷ್ಟು ವರ್ಷದಲ್ಲಿ ಆ ಮಾತನ್ನು ಅವನು ನನಗೆ ಹೇಳಿರಲಿಲ್ಲ. ಸುಳ್ಳು ಹೇಳುವ ಗಿರಾಕಿಗಳು ಅವನಿಗೆ ಹೇಳುತ್ತಿದ್ದ ಮಾತು ಅದು.

ಮಗಳಿಗೆ ಎಲ್ಲ ಹೇಳಿದೆ. ಚಪ್ಪಲಿಯ ವಿಷಯಕ್ಕೆ ಅವಳು ನಗಲಿಲ್ಲ. ಅವಳೂ ಆ ಶೆಡ್ಡಿನಲ್ಲಿ ಬೆಳೆದವಳಲ್ಲವೆ, ಹ್ಯಾಂಡಲ್ಲು ಒಂದೇ ಕಡೆ ತಾಗಿದರೆ ಏನರ್ಥ ಎಂದು ಅವಳಿಗೆ ಗೊತ್ತು.

"ನಾಳೆ ಬೆಳಿಗ್ಗೆ ಓಡಿಸ್ಬೇಕು ಅಂತ ಹೇಳಿದಾನಮ್ಮ. ಬೀದಿಯವರನ್ನೆಲ್ಲ ಕರೆದಿದಾನೆ. ಬೇಡ ಅಂದ್ರೆ ಸತ್ತೇ ಹೋಗ್ತಾನೆ."

"ಬೇಡ ಅನ್ನೋದು ಬೇಡ. ಅವನ ಹತ್ರಾನೇ ರಿಪೇರಿಗೆ ತಗೊಂಡು ಹೋಗು," ಎಂದೆ.

ಮರುದಿನ ಗಾಡಿ ಶೆಡ್ಡಿನ ಮುಂದೆ ನಿಂತಿತ್ತು. ಕಣ್ಣು ಕುಕ್ಕುವ ಹಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಬೀದಿಯ ನಾಲ್ಕಾರು ಜನ ಸೇರಿದ್ದರು, ವೆಲ್ಡಿಂಗಿನವನೂ ಕೈಕಟ್ಟಿ ದೂರದಲ್ಲಿ ನಿಂತಿದ್ದ. ಮಗಳು ಹೆಲ್ಮೆಟ್ ಹಾಕಿಕೊಂಡಳು. ಹತ್ತಲಿಲ್ಲ. ಗಾಡಿಯನ್ನು ತಳ್ಳಿಕೊಂಡು ಗೇಟಿನ ಆಚೆ ಹೋಗಿ, ಅಲ್ಲಿಂದ ತಿರುಗಿಸಿ ಮತ್ತೆ ಒಳಗೆ ತಂದು, ಅವನ ಸ್ಟೂಲಿನ ಎದುರು ಸ್ಟ್ಯಾಂಡ್ ಹಾಕಿದಳು.

"ನಮಸ್ಕಾರ. ಡೌಟಣ್ಣ ಅಂದ್ರೆ ನೀವೇನಾ?"

ನೆರೆದವರು ನಕ್ಕರು. ಅವನೂ ನಕ್ಕ. "ಏನೇ ಇದು ನಾಟಕ?"

"ಈ ಗಾಡೀನ ಹರಾಜಲ್ಲಿ ತಗೊಂಡಿದ್ದು. ಒಬ್ಬರು ಮೆಕ್ಯಾನಿಕ್ಕು ರೆಡಿ ಮಾಡ್ಕೊಟ್ಟಿದಾರೆ. ಓಡಿಸ್ಬಹುದಾ ನೋಡಿ ಹೇಳ್ತೀರಾ? ನಮ್ಮಮ್ಮನಿಗೆ ನಾನೊಬ್ಳೇ ಮಗಳು."

ಅವನ ನಗು ಅರ್ಧಕ್ಕೆ ನಿಂತಿತು. ನನ್ನ ಕಡೆ ನೋಡಿದ. ನಾನು ಕಣ್ಣು ತಗ್ಗಿಸಲಿಲ್ಲ. ಸಿಟ್ಟಿನಿಂದ ಹೊರಟು ಹೋಗುತ್ತಾನೆ ಎಂದುಕೊಂಡೆ, ಒಂದು ಹೆಜ್ಜೆ ಹೋದ ಕೂಡ. ಆಮೇಲೆ ಏನನ್ನಿಸಿತೋ, ಸ್ಟೂಲಿನ ಮೇಲೆ ಕೂತ. ಗಾಡಿಯನ್ನು ನೋಡಿದ. ತಾನು ಕೈಯಾರೆ ಬಣ್ಣ ಹಚ್ಚಿದ್ದನ್ನು ಮೊದಲ ಸಲ ಕಂಡವನ ಹಾಗೆ ನೋಡಿದ.

"ಎಲ್ಲಿ ಬಿದ್ದಿತ್ತು?" ಎಂದ.

"ಗೊತ್ತಿಲ್ಲ."

"ಯಾವ ಕಡೆಗೆ ಬಿದ್ದಿತ್ತು?"

"ಎದುರಿಂದ ಹೊಡೆದಿದೆ ಅನ್ಸುತ್ತೆ. ಮುಂಚಕ್ರ ಎಂಜಿನ್ನಿಗೆ ಅಂಟ್ಕೊಂಡಿತ್ತು."

"ಎದುರಿಂದ ಹೊಡೆದಿದ್ದಕ್ಕೆ ಕತ್ತು ನೋಡಿಲ್ವಾ ಅವನು?"

"ನೋಡಿದೀನಿ ಅಂದ್ರು."

"ಅಂದ್ರೆ ನಂಬಿಬಿಟ್ರಾ ನೀವು?"

"ನಂಬಿದ್ದೆ," ಎಂದಳು ನನ್ನ ಮಗಳು. ನೆರೆದವರಲ್ಲಿ ಯಾರೂ ನಗುತ್ತಿರಲಿಲ್ಲ.

ಅವನು ಎದ್ದು ಗೂಟದಿಂದ ದಾರದ ಉಂಡೆ ತೆಗೆದ. ಧೂಳು ಕೊಡವಿದ. ಹಿಂದಿನ ಚಕ್ರಕ್ಕೆ ಕಟ್ಟಿ, ಒಂದು ತುದಿಯನ್ನು ವೆಲ್ಡಿಂಗಿನವನ ಕಡೆ ಚಾಚಿದ. ಅವನು ಬಂದು ಹಿಡಿದ. ಎರಡೂ ಬದಿಯ ದಾರ ಬಿಗಿಯಾಯಿತು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ, ಅಷ್ಟು ದೂರಕ್ಕೂ ಕಾಣುತ್ತಿತ್ತು. ಒಂದು ಬದಿಯಲ್ಲಿ ದಾರ ಟೈರನ್ನು ಒತ್ತಿತ್ತು, ಇನ್ನೊಂದು ಬದಿಯಲ್ಲಿ ಹೆಬ್ಬೆರಳು ತೂರುವಷ್ಟು ಜಾಗ. ಅವನು ಆ ಜಾಗದಲ್ಲಿ ಹೆಬ್ಬೆರಳು ತೂರಿಸಿ ನೋಡಿದ. ಆಮೇಲೆ ಉಗುರಿನಿಂದ ಕತ್ತಿನ ಕೆಳಗಿನ ಹೊಸ ಬಣ್ಣವನ್ನು ಕೆರೆದ. ಬಣ್ಣದ ಅಡಿಯಲ್ಲಿ ಪುಟ್ಟಿ, ಪುಟ್ಟಿಯ ಅಡಿಯಲ್ಲಿ ಕೂದಲಿನಂಥ ಬಿರುಕು.

"ಕಬ್ಬಿಣ ಆಗಿದ್ರೆ ಕಾಯಿಸಿ ಎಳೀಬಹುದಿತ್ತು," ಎಂದ, ಮಗಳ ಮುಖ ನೋಡದೆ. "ಇದು ಅಲ್ಯೂಮಿನಿಯಂ. ಎಳೆದಷ್ಟೂ ಬಿರುಕು ಬಿಡುತ್ತೆ. ಜೋರಾಗಿ ಹೋಗುವಾಗ ಬ್ರೇಕ್ ಹಾಕಿದ್ರೆ ಕತ್ತು ಕಳಚ್ಕೊಂಡು ಬರುತ್ತೆ. ಓಡಿಸ್ಬೇಡಿ ನೀವು."

"ಆ ಮೆಕ್ಯಾನಿಕ್ಕಿಗೆ ಏನು ಹೇಳ್ಲಿ?"

"ಅವನ ಹತ್ರ ನಾನು ಮಾತಾಡ್ತೀನಿ."

ಜನ ಒಬ್ಬೊಬ್ಬರೇ ಕರಗಿದರು. ವೆಲ್ಡಿಂಗಿನವನು ಹೋಗಲಿಲ್ಲ, ಶೆಡ್ಡಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ. ನಾನು ಅಡಿಗೆ ಮುಗಿಸಿ ಟೀ ತರುವಷ್ಟರಲ್ಲಿ ಮೈದುನ ಹ್ಯಾಂಡಲ್ಲು, ಫೋರ್ಕು, ಚಕ್ರ ಬಿಚ್ಚಿ ಪಕ್ಕಕ್ಕಿಟ್ಟು, ಕಬ್ಬಿಣ ಕೊಯ್ಯುವ ಗರಗಸ ಹಿಡಿದಿದ್ದ.

"ಚಾಸೀನ ಹಾಗೇ ಇಡೋ ಮಾರಾಯ, ಯಾರಾದ್ರೂ ತಗೋತಾರೆ," ಎಂದ ವೆಲ್ಡಿಂಗಿನವನು.

"ತಗೊಂಡು ಪೇಂಟ್ ಹಚ್ಚಿ ಯಾರ ಮಗಳಿಗೋ ಕೊಡ್ತಾರೆ."

ಗರಗಸವನ್ನು ಸರಿಯಾಗಿ ಆ ಬಿರುಕಿನ ಮೇಲೆ ಇಟ್ಟ. ಬೆಳ್ಳಗಿನ ಪುಡಿ ಕೆಂಪು ಬಣ್ಣದ ಮೇಲೆ ಉದುರತೊಡಗಿತು. ಚಾಸಿ ನಡುಗುತ್ತಿತ್ತು, ಗರಗಸ ಜಾರುತ್ತಿತ್ತು. ಮಗಳು ಹೆಲ್ಮೆಟ್ ತೆಗೆದು ನೆಲದ ಮೇಲಿಟ್ಟು, ಅವನ ಎದುರು ಕೂತು, ಎರಡೂ ಕೈಯಿಂದ ಗಾಡಿಯ ಕತ್ತನ್ನು ಹಿಡಿದುಕೊಂಡಳು. ಅವನು ನಾಲ್ಕು ಎಳೆತ ಎಳೆದ, ನಿಲ್ಲಿಸಿ ಉಸಿರು ಬಿಟ್ಟ.

"ಗಟ್ಟಿಯಾಗಿ ಹಿಡ್ಕೊಳ್ಳೇ ಪುಟ್ಟೀ," ಎಂದ. "ಬೆರಳು ದೂರ ಇಟ್ಕೋ."